ಹಲಗೆ, ಮೇಜು, ಗಡಿ: ‘ಬೋರ್ಡು’ ಎಂಬ ಪದದ ಚರಿತ್ರೆ



ನಮ್ಮ ಊರುಗಳಲ್ಲಿ ಅಕ್ಷರ ಕಲಿಯದ ಅಜ್ಜಿಯರ ಬಾಯಲ್ಲೂ ಸಲೀಸಾಗಿ ಬರುವ ಇಂಗ್ಲಿಷ್ ಪದಗಳಲ್ಲಿ ‘ಬೋರ್ಡು’ ಒಂದು. ದೂರದಲ್ಲಿ ಬಸ್ಸು ಕಂಡರೆ ‘ಬೋರ್ಡು ಯಾವುದು ನೋಡು ಮಗಾ’ ಎನ್ನುತ್ತಾರೆ. ಮೊಮ್ಮಗಳು ಹತ್ತನೆಯ ತರಗತಿಗೆ ಬಂದರೆ ‘ಈ ವರ್ಷ ಅವಳಿಗೆ ಬೋರ್ಡು ಪರೀಕ್ಷೆ’ ಎಂದು ನೆರೆಮನೆಗೆ ಹೇಳಿ ಬರುತ್ತಾರೆ. ಗೋಡೆಯ ಮೇಲೆ ಸ್ವಿಚ್ಚುಗಳಿರುವುದೂ ಬೋರ್ಡು, ಕರೆಂಟು ಕೊಡುವವರೂ ಬೋರ್ಡಿನವರು, ಹುಡುಗರು ಕೇರಂ ಆಡುವುದೂ ಬೋರ್ಡಿನ ಮೇಲೆ. ಮಾಸ್ತರರು ಬರೆಯುವುದಂತೂ ಬೋರ್ಡಿನಲ್ಲೇ. ಒಂದೇ ಪದವು ಇಷ್ಟೊಂದು ವಸ್ತುಗಳಿಗೆ ಹೇಗೆ ಸಂದಿತು ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಯೋಚಿಸಿದರೆ, ಮರದ ಒಂದು ಹಲಗೆ ಕಾಲಕ್ರಮದಲ್ಲಿ ಅಧಿಕಾರವಾದ ಕಥೆಯೊಂದು ತೆರೆದುಕೊಳ್ಳುತ್ತದೆ. ಆ ಕಥೆಗೂ ಗಡಿಯಾಚೆಯ ನಮ್ಮ ಕನ್ನಡ ಶಾಲೆಗಳಿಗೂ ಇರುವ ನಂಟನ್ನು ತಮ್ಮ ಮುಂದಿಡಬೇಕೆಂದು ಈ ಟಿಪ್ಪಣಿ.

ಪದ ಬಹಳ ಹಳೆಯದು. ಸಾವಿರ ವರ್ಷಗಳಿಗೂ ಹಿಂದಿನ ಪ್ರಾಚೀನ ಇಂಗ್ಲಿಷಿನಲ್ಲಿ ‘ಬೋರ್ಡ್’ ಎಂದರೆ ಮೊದಲಿಗೆ ಸೀಳಿದ ಮರದ ಹಲಗೆ. ಹಲಗೆಯಿಂದ ಮಾಡಿದ ಮೇಜಿಗೂ, ಯೋಧನ ಗುರಾಣಿಗೂ, ಹಡಗಿನ ಪಕ್ಕಕ್ಕೂ ಅದೇ ಹೆಸರು. ಸ್ವೀಡಿಷ್ ಮತ್ತು ಡ್ಯಾನಿಷ್ ಭಾಷೆಗಳಲ್ಲಿ ಇಂದಿಗೂ ‘ಬೋರ್ಡ್’ ಎಂದರೆ ಮೇಜೇ. ಭಾಷಾಶಾಸ್ತ್ರಜ್ಞರು ಇಲ್ಲಿ ಇನ್ನೊಂದು ಸಂಗತಿಯನ್ನು ಗುರುತಿಸುತ್ತಾರೆ. ಜರ್ಮ್ಯಾನಿಕ್ ಕುಟುಂಬದಲ್ಲಿ ಒಂದಕ್ಕೊಂದು ಬಹಳ ಹತ್ತಿರದ ಎರಡು ಪದಗಳಿದ್ದವು. ಒಂದಕ್ಕೆ ಹಲಗೆ ಎಂಬರ್ಥ, ಇನ್ನೊಂದಕ್ಕೆ ಅಂಚು, ಪಕ್ಕ ಎಂಬರ್ಥ. ಇಂಗ್ಲಿಷಿನಲ್ಲಿ ಇವೆರಡೂ ಬೆರೆತು ಒಂದೇ ಆದವು. ಹಡಗನ್ನೋ ವಿಮಾನವನ್ನೋ ಏರುವುದಕ್ಕೆ ಇಂದಿಗೂ ‘ಬೋರ್ಡಿಂಗ್’ ಎನ್ನುವುದು ಹಡಗಿನ ಅಂಚನ್ನು ದಾಟಿ ಒಳಗೆ ಕಾಲಿಡುತ್ತಿದ್ದ ಕಾಲದ ಉಳಿಕೆ.

ಅಂಚು ಎಂಬ ಆ ಎರಡನೆಯ ಪದವು ಫ್ರೆಂಚಿಗೆ ಹೋಯಿತು. ಅಲ್ಲಿ ಗುರಾಣಿಯ ಸುತ್ತಣ ಪಟ್ಟಿಗೆ, ಬಟ್ಟೆಯ ಅಂಚಿಗೆ ಹೆಸರಾಗಿ, ರೂಪ ಬದಲಿಸಿಕೊಂಡು ಇಂಗ್ಲಿಷಿಗೆ ಹಿಂದಿರುಗಿತು. ಹಾಗೆ ಹಿಂದಿರುಗಿದ ಪದವೇ ‘ಬಾರ್ಡರ್’! ಸೀರೆಯ ಬಾರ್ಡರೂ ಅದೇ, ರಾಜ್ಯದ ಬಾರ್ಡರೂ ಅದೇ. ನಾವು ವಾಸವಾಗಿರುವ ಗಡಿಯೂ ನಮ್ಮ ಶಾಲೆಯ ಬೋರ್ಡೂ ಒಂದೇ ಮನೆತನದ ಪದಗಳು ಎಂದು ತಿಳಿದ ದಿನ, ಕನ್ನಡ ಎಂ.ಎ. ಓದಿದ್ದರೂ ಇದು ನನಗೆ ಗೊತ್ತಿರಲಿಲ್ಲವಲ್ಲಾ ಎಂದು ಬೆರಗಾಗಿದ್ದೆ.

ಇನ್ನು ಮೇಜಿನ ಕಡೆಗೆ ಬರೋಣ. ಮೇಜಿನ ಮೇಲೆ ಬಡಿಸುವುದು ಊಟ. ಆದ್ದರಿಂದ 14ನೇ ಶತಮಾನದ ಹೊತ್ತಿಗೆ ‘ಬೋರ್ಡ್’ ಎಂದರೆ ಊಟ ಎಂದೂ ಆಯಿತು. ಊಟ ಕೊಟ್ಟು ಇರಿಸಿಕೊಳ್ಳುವ ಮನೆ ‘ಬೋರ್ಡಿಂಗ್’. ಕೊಲ್ಲಾಪುರದ ಶಾಹು ಮಹಾರಾಜರು 1901ರಿಂದ ಬಡ ಮಕ್ಕಳಿಗಾಗಿ ತೆರೆಸಿದ ವಿದ್ಯಾರ್ಥಿನಿಲಯಗಳನ್ನು ಜನ ಬೋರ್ಡಿಂಗುಗಳೆಂದೇ ಕರೆದರು. ಮುಂಬಯಿ ಸೀಮೆಯ ಕನ್ನಡಿಗರಿಗೂ ಆ ಪದ ಪರಿಚಿತವೇ. ಜೂಜಾಡುವಾಗ ಕೈಗಳು ಮೇಜಿನ ಕೆಳಗಿದ್ದರೆ ಮೋಸ, ಮೇಲಿದ್ದರೆ ಪ್ರಾಮಾಣಿಕತೆ. ಆದ್ದರಿಂದ ನೇರ ನಡೆಯವನನ್ನು ‘ಅಬವ್ ಬೋರ್ಡ್’ ಎಂದರು. ಮೇಜಿನ ಸುತ್ತ ಊಟಕ್ಕೆ ಮಾತ್ರವಲ್ಲದೆ ಆಲೋಚನೆಗೂ ಜನ ಕೂಡುತ್ತಾರಷ್ಟೆ. 16 ಮತ್ತು 17ನೇ ಶತಮಾನಗಳಲ್ಲಿ ಈ ಪದವು ಸಭೆ ನಡೆಯುವ ಮೇಜಿನಿಂದ ಸರಿದು, ಆ ಮೇಜಿಗೆ ಕುಳಿತ ಜನರಿಗೇ ಅಂಟಿಕೊಂಡಿತು. ಮರ ಮರೆಯಾಯಿತು, ಮಂಡಳಿ ಉಳಿಯಿತು.

ನಮ್ಮಲ್ಲಿ ಹಲಗೆಗೆ ಬೇರೆಯದೇ ಬಾಳು. ಅವರು ಹಲಗೆಯ ಮೇಲೆ ಅನ್ನವಿಟ್ಟು ಉಂಡರು, ನಾವು ಮಣೆಯ ಮೇಲೆ ಕುಳಿತು ನೆಲಕ್ಕೆ ಎಲೆ ಹಾಕಿಸಿಕೊಂಡೆವು. ‘ಮಣೆ ಹಾಕು’ ಎಂದರೆ ಗೌರವಿಸು ಎಂದೇ ಅರ್ಥ. ಕೂರುವ ‘ಪೀಠ’ವು ನಮ್ಮಲ್ಲೂ ನ್ಯಾಯಪೀಠವಾಗಿ, ಅಧ್ಯಯನ ಪೀಠವಾಗಿ ಬೆಳೆದಿದೆ. ಕನ್ನಡದ ಹಲಗೆ, ಹಳಗನ್ನಡದ ಪಲಗೆ, ತಮಿಳಿನ ಪಲಗೈ, ಮಲಯಾಳದ ಪಲಕ, ಸಂಸ್ಕೃತದ ಫಲಕ, ಇವೆಲ್ಲ ಒಂದೇ ಬಳಗ. ತೆಲುಗಿನಲ್ಲಿ ‘ಪಲಕ’ ಎಂದರೆ ಮಗು ಅಕ್ಷರ ತಿದ್ದುವ ಸ್ಲೇಟು, ಮರಾಠಿಯಲ್ಲಿ ‘ಫಳಾ’ ಎಂದರೆ ಗುರುಗಳು ಬರೆಯುವ ಕರಿಹಲಗೆ. ಆದೋನಿಯ ಮಗುವಿನ ಕೈಯಲ್ಲಿರುವುದೂ ಅಕ್ಕಲಕೋಟೆಯ ಮಗುವಿನ ಕಣ್ಣೆದುರಿಗಿರುವುದೂ ಪದಮೂಲದಲ್ಲಿ ಒಂದೇ ಹಲಗೆ. ಕನ್ನಡದಲ್ಲಿ ನಾವು ಬರೆಯುವುದಕ್ಕೆ ಕರಿಹಲಗೆ, ಹೆಸರಿಗೆ ನಾಮಫಲಕ, ಆಡಳಿತಕ್ಕೆ ಮಂಡಳಿ ಎಂದು ಅಂದವಾಗಿ ವಿಂಗಡಿಸಿಕೊಂಡೆವು. ಆದರೆ ಹಾಗೆ ವಿಂಗಡಿಸಿದಾಗ ಈ ಮೂರಕ್ಕೂ ಇರುವ ಸಂಬಂಧ ಮರೆತುಹೋಯಿತು. ಮೇಜಿಗೆ ಕುಳಿತವರು ಯಾರು ಎಂಬುದರ ಮೇಲೆ ಕರಿಹಲಗೆಯ ಭಾಷೆ ನಿಂತಿದೆ ಎಂಬುದೇ ಆ ಸಂಬಂಧ. ಚರಿತ್ರೆಯಿಂದ ಇದಕ್ಕೆ ಕೆಲವು ಸಾಕ್ಷ್ಯಗಳನ್ನು ಕೊಡುತ್ತೇನೆ.

ಆಡಳಿತದ ಬೋರ್ಡು ಕಂಪನಿಯ ಕಾಲದಲ್ಲೇ ನಮ್ಮ ನೆಲಕ್ಕೆ ಬಂತು. 1784ರ ಪಿಟ್ಟನ ಕಾಯಿದೆಯಿಂದ ಲಂಡನ್ನಿನಲ್ಲಿ ‘ಬೋರ್ಡ್ ಆಫ್ ಕಂಟ್ರೋಲ್’ ಸ್ಥಾಪಿತವಾಯಿತು, 1786ರಲ್ಲಿ ಮದರಾಸಿನಲ್ಲಿ ‘ಬೋರ್ಡ್ ಆಫ್ ರೆವಿನ್ಯೂ’. ಶಿಕ್ಷಣದ ಮಾತಿಗೆ ಬಂದರೆ, 1840ರಲ್ಲಿ ಮುಂಬಯಿಯಲ್ಲಿ ‘ಬೋರ್ಡ್ ಆಫ್ ಎಜುಕೇಶನ್’ ರಚನೆಯಾಯಿತು. ಆ ಮೇಜಿನ ಮೇಲೆಯೇ ಮಾಧ್ಯಮದ ಪ್ರಶ್ನೆ ಚರ್ಚೆಗೆ ಬಂತು. ಅಧ್ಯಕ್ಷರಾಗಿದ್ದ ಅರ್ಸ್ಕಿನ್ ಪೆರಿ ಉನ್ನತ ಶಿಕ್ಷಣವು ಇಂಗ್ಲಿಷಿನಲ್ಲೇ ಇರಬೇಕೆಂದರು. ಸದಸ್ಯರಾದ ಜಗನ್ನಾಥ ಶಂಕರಶೇಟರೂ ಕರ್ನಲ್ ಜರ್ವಿಸರೂ ದೇಶಭಾಷೆಯ ಪರವಾಗಿ ವಾದಿಸಿದರು. ಮಕ್ಕಳು ಯಾವ ಭಾಷೆಯಲ್ಲಿ ಕಲಿಯಬೇಕೆಂಬುದನ್ನು ಮಕ್ಕಳಿಗೆ ಕಾಣದ ಒಂದು ಮೇಜು ತೀರ್ಮಾನಿಸುವ ಕ್ರಮ ನಮ್ಮಲ್ಲಿ ಆಗಲೇ ಬೇರೂರಿತು. ದೇಶಭಾಷೆ ಎಂದೊಪ್ಪಿದರೂ ‘ಯಾವ ದೇಶಭಾಷೆ?’ ಎಂಬ ಪ್ರಶ್ನೆ ಉಳಿಯುತ್ತಿತ್ತು. ಧಾರವಾಡ ಸೀಮೆಯ ಕನ್ನಡದ ಮಕ್ಕಳಿಗೆ ಮರಾಠಿ ಶಾಲೆಗಳೇ ಗತಿಯಾಗಿದ್ದಾಗ, ಶಿಕ್ಷಣ ಇಲಾಖೆಯೊಳಗೇ ಇದ್ದು ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚೆನ್ನಬಸಪ್ಪನವರನ್ನು ನಾವು ನೆನೆಯುವುದು ಈ ಕಾರಣಕ್ಕೆ. ಮೇಜಿನ ಬಳಿ ಕನ್ನಡ ಬಲ್ಲವರೊಬ್ಬರಿದ್ದರು.

ಇಂಗ್ಲೆಂಡಿನ ನೆರೆಯಲ್ಲಿರುವ ವೇಲ್ಸ್ ದೇಶದ ಕಥೆ ಇನ್ನೂ ಕಹಿಯಾದದ್ದು. ಅಲ್ಲಿನ ಮಕ್ಕಳ ಮನೆಮಾತು ವೆಲ್ಷ್, ಶಾಲೆಯ ಮಾತು ಇಂಗ್ಲಿಷ್. 19ನೇ ಶತಮಾನದಲ್ಲಿ ಅಲ್ಲಿನ ಹಲವು ಶಾಲೆಗಳಲ್ಲಿ, ವೆಲ್ಷ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ಚಿಕ್ಕ ಹಲಗೆಯೊಂದನ್ನು ದಾರ ಕಟ್ಟಿ ತೂಗುಬಿಡುತ್ತಿದ್ದರು. ಅದಕ್ಕೆ ‘ವೆಲ್ಷ್ ನಾಟ್’ ಎಂದು ಹೆಸರು. ಆ ಮಗುವು ವೆಲ್ಷ್ ಆಡುವ ಇನ್ನೊಬ್ಬನನ್ನು ಹಿಡಿದುಕೊಟ್ಟರೆ ಹಲಗೆ ಅವನ ಕೊರಳಿಗೆ ಹೋಗುತ್ತಿತ್ತು. ದಿನದ ಕೊನೆಗೆ ಯಾರ ಕೊರಳಲ್ಲಿದೆಯೋ ಅವನಿಗೆ ಪೆಟ್ಟು. ಅಲ್ಲಿನ ಶಾಲೆಗಳ ತಪಾಸಣೆಗೆ ಸರಕಾರ ಕಳುಹಿಸಿದ ಮೂವರು ಆಯುಕ್ತರಿಗೂ ವೆಲ್ಷ್ ಬರುತ್ತಿರಲಿಲ್ಲ. ಮಕ್ಕಳು ಹಿಂದುಳಿಯಲು ಅವರ ಭಾಷೆಯೂ ಒಂದು ಕಾರಣವೆಂದು ಬಗೆದ 1847ರ ಅವರ ವರದಿಯನ್ನು ವೆಲ್ಷ್ ಜನರು ಇಂದಿಗೂ ‘ನೀಲಿ ಪುಸ್ತಕಗಳ ದ್ರೋಹ’ ಎನ್ನುತ್ತಾರೆ. ಓದುಗರೇ, ಒಂದು ಹಲಗೆ ಕಲಿಸಲೂ ಬಲ್ಲದು, ಬಾಯಿ ಕಟ್ಟಲೂ ಬಲ್ಲದು.

1870ರ ಕಾಯಿದೆ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಚುನಾಯಿತ ‘ಸ್ಕೂಲ್ ಬೋರ್ಡು’ಗಳನ್ನು ತಂದಿತು. ಅವು ನಡೆಸಿದ ಶಾಲೆಗಳು ‘ಬೋರ್ಡ್ ಸ್ಕೂಲು’ಗಳು. ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕಿಲ್ಲದಿದ್ದ ಮಹಿಳೆಯರೂ ಈ ಬೋರ್ಡುಗಳಿಗೆ ಆರಿಸಿ ಬರಬಹುದಾಗಿತ್ತು. ನಮ್ಮ ಕಡೆ 1884ರ ಮದರಾಸು ಲೋಕಲ್ ಬೋರ್ಡುಗಳ ಕಾಯಿದೆಯಿಂದ ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳು ಬಂದವು. ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ಆದೋನಿ, ರಾಯದುರ್ಗ, ಮಡಕಶಿರ ಎಲ್ಲವೂ ಆಗ ಮದರಾಸು ಪ್ರಾಂತ್ಯದಲ್ಲಿದ್ದವು. ಈ ಊರುಗಳ ಹಿರಿಯರು ‘ನಾನು ಕಲಿತದ್ದು ಬೋರ್ಡು ಶಾಲೆಯಲ್ಲಿ’ ಎಂದರೆ ಆ ಬೋರ್ಡು ಕರಿಹಲಗೆಯಲ್ಲ, ಜಿಲ್ಲೆಯ ಮೇಜು. ಮದರಾಸು ಎಷ್ಟೇ ದೂರವಿದ್ದರೂ ಮಂಗಳೂರಿನ ಆ ಮೇಜಿನ ಸುತ್ತ ಕನ್ನಡ, ತುಳು ಆಡುವವರು ಕುಳಿತಿದ್ದರು.

1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ದಿನಗಳಲ್ಲಿ ಶಾಲೆಗಳು ಕದಲಲಿಲ್ಲ, ಕರಿಹಲಗೆಗಳು ಕದಲಲಿಲ್ಲ, ಮೇಜು ಮಾತ್ರ ಬೇರೆಡೆಗೆ ಹೋಯಿತು. ಸಂವಿಧಾನ ಕರ್ತೃಗಳ ಪೀಳಿಗೆ ಇದನ್ನು ಕಾಣದಿರಲಿಲ್ಲ. ಆದುದರಿಂದಲೇ 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ 350-ಎ ವಿಧಿಯನ್ನು ಸೇರಿಸಿದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಅದರೊಳಗಿನ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು ಎಂಬುದು ಅದರ ತಾತ್ಪರ್ಯ. ಹಳೆಯ ಬೋರ್ಡುಗಳ ವಾರಸುದಾರರಾದ ಪಂಚಾಯತುಗಳಿಗೂ ಈ ಹೊಣೆ ಇದೆ ಎಂಬುದನ್ನು ಗಮನಿಸಿ.

ಕರಿಹಲಗೆಯಾದರೂ ನಾವು ಭಾವಿಸಿರುವಷ್ಟು ಪ್ರಾಚೀನವಲ್ಲ. ತರಗತಿಯ ಗೋಡೆಗೆ ದೊಡ್ಡ ಕರಿಹಲಗೆ ಬಂದದ್ದು 19ನೇ ಶತಮಾನದ ಆರಂಭದ ಸುಮಾರಿಗೆ. ಎಡಿನ್‌ಬರೋ ಹೈಸ್ಕೂಲಿನ ಮುಖ್ಯೋಪಾಧ್ಯಾಯ ಜೇಮ್ಸ್ ಪಿಲ್ಲನ್ಸರು ಭೂಗೋಳ ಪಾಠಕ್ಕೆ ಅದನ್ನೂ ಬಣ್ಣದ ಚಾಕುಗಳನ್ನೂ ಬಳಸಿದವರೆಂದು ಹೆಸರಾದರು. ಒಬ್ಬ ಗುರು ಬರೆದದ್ದನ್ನು ಇಡೀ ತರಗತಿ ಒಟ್ಟಿಗೆ ನೋಡುವಂತೆ ಮಾಡಿದ ಸಾಧನ ಅದು. ಆದರೆ ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲವಲ್ಲ!

ನಾನು ಸೇವೆಯಲ್ಲಿದ್ದ ಒಂದು ಶಾಲೆಯ ಕನ್ನಡ ವಿಭಾಗಕ್ಕೆ ಒಮ್ಮೆ ಕನ್ನಡ ಬಾರದ ಗಣಿತದ ಅಧ್ಯಾಪಕರು ನೇಮಕಗೊಂಡು ಬಂದರು. ಸಜ್ಜನರು, ವಿಷಯ ಬಲ್ಲವರು. ಎರಡು ವಾರಗಳ ಬಳಿಕ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪುಸ್ತಕ ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ‘ಸರ್, ಬೋರ್ಡಿನಲ್ಲಿದ್ದದ್ದೆಲ್ಲ ಬರೆದುಕೊಂಡಿದ್ದೇನೆ. ಅದು ಏನೂಂತ ಮಾತ್ರ ಗೊತ್ತಾಗ್ಲಿಲ್ಲ’ ಎಂದಳು. ಪುಸ್ತಕ ತೆರೆದು ನೋಡಿದೆ. ಮುತ್ತಿನಂತಹ ಅಕ್ಷರ, ಒಂದು ಅಂಕಿಯೂ ತಪ್ಪಿರಲಿಲ್ಲ. ಆ ಅಧ್ಯಾಪಕರನ್ನು ಕರೆದು ಮಾತಾಡಿದಾಗ ಅವರ ಕಣ್ಣಲ್ಲೂ ಸಂಕಟವಿತ್ತು. ‘ನನಗೂ ಗೊತ್ತು ಸರ್, ನಾನೇನು ಮಾಡಲಿ?’ ಎಂದರು. ಮುಂದೆ ಅವರು ಮಕ್ಕಳಿಂದಲೇ ಕನ್ನಡ ಕಲಿಯತೊಡಗಿದರು. ಅಷ್ಟರಲ್ಲಿ ಆ ವರ್ಷ ಮುಗಿಯುತ್ತ ಬಂದಿತ್ತು. ತಪ್ಪು ಆ ಹುಡುಗಿಯದಲ್ಲ, ಆ ಅಧ್ಯಾಪಕರದೂ ಅಲ್ಲ. ಕರಿಹಲಗೆಯ ಎರಡೂ ಬದಿಯಲ್ಲಿದ್ದವರು ಅಸಹಾಯಕರು, ತೀರ್ಮಾನ ನಡೆದದ್ದು ಇನ್ನೊಂದು ಹಲಗೆಯ ಸುತ್ತ. ಮುಖ್ಯೋಪಾಧ್ಯಾಯನಾಗಿ ನಾನು ಬರೆದ ಪತ್ರಗಳೂ ಆ ಹಲಗೆಯ ಮೇಲೆಯೇ ಉಳಿದವು.

ಇನ್ನು ನಾಮಫಲಕ. ಹೊಸೂರು ಎಂದರೆ ಹೊಸ ಊರು. ಕನ್ನಡದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಮಿಳಿನ ಬೋರ್ಡಿನಲ್ಲಿ ಅದೇ ಹೆಸರು ‘ಓಸೂರ್’ ಎಂದಾಗುತ್ತದೆ. ತಮಿಳಿನ ಉಚ್ಚಾರಕ್ಕೆ ಅದು ಸಹಜ, ಅದರಲ್ಲಿ ದ್ವೇಷವೇನೂ ಇಲ್ಲ. ಆದರೆ ಪಕ್ಕದಲ್ಲಿ ಕನ್ನಡದ ಒಂದು ಸಾಲು ಇಲ್ಲದೆ ಹೋದರೆ, ಎರಡು ತಲೆಮಾರು ಕಳೆಯುವಷ್ಟರಲ್ಲಿ ‘ಹೊಸ’ ಎಂಬ ಅರ್ಥವೇ ಊರಿನಿಂದ ಅಳಿಸಿಹೋಗುತ್ತದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯು ಕನ್ನಡದಲ್ಲೂ ಪುಸ್ತಕ ಅಚ್ಚು ಮಾಡುತ್ತದೆ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ಮಕ್ಕಳು ಅವನ್ನು ಓದುತ್ತಾರೆ. ಕೇರಳದಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಇವು ಸಣ್ಣ ಸಂಗತಿಗಳಲ್ಲ. ಯಾವುದೋ ಮೇಜಿನಲ್ಲಿ ಯಾರೋ ಎದ್ದು ಕೇಳಿದ್ದರಿಂದ ದೊರೆತು, ಕೇಳುತ್ತ ಇದ್ದುದರಿಂದ ಉಳಿದವು.

ಹಾಗಾದರೆ ನಾವು ಕೂರಬಹುದಾದ ಮೇಜು ಯಾವುದು? 2009ರ ಶಿಕ್ಷಣ ಹಕ್ಕು ಕಾಯಿದೆಯು ಸರಕಾರಿ ಶಾಲೆಗಳಿಗೆ ಶಾಲಾ ನಿರ್ವಹಣಾ ಸಮಿತಿಯನ್ನು ವಿಧಿಸಿದೆ. ಅದರ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಹೆತ್ತವರು ಅಥವಾ ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಸಭೆಯ ದಿನ ಸಮಿತಿಯ ಖಾಲಿ ಕುರ್ಚಿಗಳನ್ನು ನೋಡಿ ನೋಡಿ ನಿವೃತ್ತನಾದವನು ನಾನು. ಅಧ್ಯಾಪಕರ ಹುದ್ದೆ ಖಾಲಿಯಿದೆಯೆಂದು, ಕನ್ನಡ ಬಲ್ಲವರನ್ನೇ ಕೊಡಬೇಕೆಂದು ಅಲ್ಲಿ ನಿರ್ಣಯವಾಗಿ ದಾಖಲಾದರೆ, ಅದು ಮುಖ್ಯೋಪಾಧ್ಯಾಯನೊಬ್ಬನ ಪತ್ರಕ್ಕಿಂತ ತೂಕದ ಮಾತಾಗುತ್ತದೆ. ಬೋರ್ಡಿನಲ್ಲಿ ಕನ್ನಡ ಇಲ್ಲವೆಂದು ರಸ್ತೆಯಲ್ಲಿ ನಿಂತು ನೊಂದುಕೊಳ್ಳುವ ನಾವು, ಬೋರ್ಡಿನ ಬಳಿ ಕೂರಲು ಕರೆ ಬಂದ ದಿನ ಮನೆಯಲ್ಲೇ ಉಳಿದರೆ ಹೇಗೆ?

ಈ ವಾರ ತಾವು ತಮ್ಮ ಊರಿನ ಕನ್ನಡ ಶಾಲೆಗೆ ಒಮ್ಮೆ ಹೋಗಿ ಬನ್ನಿ. ಗೇಟಿನ ಮೇಲಿನ ಬೋರ್ಡನ್ನು ನೋಡಿ, ತರಗತಿಯ ಬೋರ್ಡನ್ನು ನೋಡಿ, ಬಳಿಕ ಸಮಿತಿಯ ಮುಂದಿನ ಸಭೆ ಎಂದು ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಆ ದಿನ ನಮಗೆ ಯಾರೂ ಮಣೆ ಹಾಕದಿರಬಹುದು. ನಾವೇ ಒಂದು ಕುರ್ಚಿ ಎಳೆದುಕೊಂಡು ಕೂರೋಣ.