ಬೆವರು ನಿಂತ ಅಂಗೈ

ಬೀದರಿನ ಗಾಂಧಿ ಗಂಜಿನಲ್ಲಿ ತೊಗರಿ, ಉದ್ದು, ಕಡಲೆಯ ಚೀಲ ಹೊರುವ ಹಮಾಲನ ದುಡಿಮೆಗೆ ಬೆವರೇ ಸಾಕ್ಷಿ. ಅಂಥವನ ಅಂಗೈ ಬೇಸಿಗೆಯ ಮಧ್ಯಾಹ್ನದಲ್ಲೂ ಒಣಗಿ ಬಿರುಕು ಬಿಟ್ಟಿದ್ದರೆ, ಬಿಸಿ ಚಹಾದ ಲೋಟ ಹಿಡಿದರೂ ಸುಡದಿದ್ದರೆ, ದುಡಿದು ಜಡ್ಡುಗಟ್ಟಿದ ಕೈ ಎಂದು ನಾವು ಸುಮ್ಮನಾಗುತ್ತೇವೆ. ಅದು ನರ ಸಾಯುತ್ತಿರುವ ಗುರುತೂ ಆಗಿರಬಹುದು. ಸಕ್ಕರೆ ಕಾಯಿಲೆಯಿಂದಲೂ ಹೀಗಾಗುವುದುಂಟು. ಆದರೆ ನಮ್ಮಲ್ಲಿ ಇದಕ್ಕೆ ಬಹಳ ಹಳೆಯ ಕಾರಣ ಇನ್ನೊಂದಿದೆ: ಕುಷ್ಠ.

ಕನ್ನಡದಲ್ಲಿ ದೊಡ್ಡ ರೋಗ, ಮರಾಠಿಯಲ್ಲಿ ಮಹಾರೋಗ, ಉರ್ದುವಿನಲ್ಲಿ ಜುಜಾಮ್. ಮೂರೂ ಭಾಷೆಗಳು ಬೆರೆಯುವ ಭಾಲ್ಕಿ, ಔರಾದ್ ಸೀಮೆಯಲ್ಲಿ ಈ ಎಲ್ಲ ಹೆಸರುಗಳೂ ಕಿವಿಗೆ ಬೀಳುತ್ತವೆ. ಯಾವುದೂ ನರದ ಮಾತೆತ್ತುವುದಿಲ್ಲ. ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲಿ ಗುರುತಿಸಿದ ಈ ರೋಗಾಣು ಮನೆ ಮಾಡುವುದು ಚರ್ಮದಲ್ಲಿ ಮತ್ತು ನರಗಳಲ್ಲಿ. ಮೊಣಕೈ, ಮಣಿಕಟ್ಟು, ಮೊಣಕಾಲಿನ ಪಕ್ಕ, ಹರಡಿನ ಹಿಂದೆ, ಹೀಗೆ ನರ ಚರ್ಮಕ್ಕೆ ಹತ್ತಿರವಾಗಿ ತಂಪಾಗಿರುವ ಕಡೆ ಅದಕ್ಕೆ ಇಷ್ಟ. ನಮ್ಮ ಅಪ್ಪಣೆಗೆ ಕಾಯದೆ ಬೆವರನ್ನೂ ರಕ್ತನಾಳಗಳ ಹಿಗ್ಗು ಕುಗ್ಗನ್ನೂ ನೋಡಿಕೊಳ್ಳುವ ತೆಳುವಾದ ತಂತುಗಳಿಗೆ ಬೇಗನೆ ಪೆಟ್ಟು ಬೀಳುತ್ತದೆ. ಮಚ್ಚೆಯ ಮೇಲೆ ಬೆವರು ನಿಲ್ಲುತ್ತದೆ, ಕೂದಲು ಉದುರುತ್ತದೆ, ಬಿಸಿ ತಣ್ಣಗಿನ ಅರಿವು ಹೋಗುತ್ತದೆ. ಬೆವರಿಲ್ಲದ ಚರ್ಮ ಬಿರಿಯುತ್ತದೆ. ನೋವಿಲ್ಲದ ಕಾರಣ ಆ ಬಿರುಕು ಯಾರಿಗೂ ತಿಳಿಯದೆ ಹುಣ್ಣಾಗುತ್ತದೆ.

ಬೀದರಿಗೆ ಆಸ್ಪತ್ರೆಯೆಂಬುದು ಹೊಸದಲ್ಲ. ಬಹಮನಿ ದೊರೆ ಎರಡನೇ ಅಲಾವುದ್ದೀನ್ ಅಹ್ಮದ್ ಶಾಹ (1436-1458) ಇಲ್ಲಿ ದೊಡ್ಡ ಚಿಕಿತ್ಸಾಲಯ ಕಟ್ಟಿಸಿ, ಅದರ ಖರ್ಚಿಗೆ ಹಳ್ಳಿಗಳ ಆದಾಯ ಬಿಟ್ಟುಕೊಟ್ಟು, ಹಿಂದೂ ವೈದ್ಯರನ್ನೂ ಮುಸ್ಲಿಂ ಹಕೀಮರನ್ನೂ ನೇಮಿಸಿದನೆಂದು ಬಿಜಾಪುರದಲ್ಲಿ ಕುಳಿತು ಇತಿಹಾಸ ಬರೆದ ಫಿರಿಶ್ತಾ ದಾಖಲಿಸಿದ್ದಾನೆ. ಆದರೆ ಕುಷ್ಠಕ್ಕೆ ಪರಿಹಾರ ಆ ವೈದ್ಯರಲ್ಲಿರಲಿ, ಅಂದಿನ ಜಗತ್ತಿನ ಯಾವ ವೈದ್ಯನಲ್ಲೂ ಇರಲಿಲ್ಲ.

ಬೀದರ್ ನಿಜಾಮರ ಸಂಸ್ಥಾನದಲ್ಲಿದ್ದ ಕಾಲಕ್ಕೆ ಪಕ್ಕದ ನಿಜಾಮಾಬಾದ್ ಜಿಲ್ಲೆಯ ಡಿಚ್‌ಪಲ್ಲಿಯಲ್ಲಿ 1915ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ತೆರೆಯಿತು. ಸ್ಕಾಟ್ಲೆಂಡಿನಿಂದ ಬಂದ ವೈದ್ಯೆ ಇಸಬೆಲ್ ಕೆರ್ ಅದರ ಜೀವಾಳ. ಕಟ್ಟಲು ನೆರವಾದವರು ರಾಜಾ ನರಸಾ ಗೌಡ್. ನಿಜಾಮ್ ಸರಕಾರವೂ ಕೈಜೋಡಿಸಿತು. ಕ್ರೈಸ್ತ ವೈದ್ಯೆ, ಹಿಂದೂ ದಾನಿ, ಮುಸ್ಲಿಂ ದೊರೆ. ಇಂದಿನ ಗದ್ದಲದಲ್ಲಿ ಇದು ಕಟ್ಟುಕಥೆಯಂತೆ ಕೇಳಿಸಿದರೆ ತಪ್ಪು ಡಿಚ್‌ಪಲ್ಲಿಯದಲ್ಲ. ಆಗಿನ ಔಷಧ ಚಾಲ್ಮೊಗ್ರ ಎಣ್ಣೆಯ ಚುಚ್ಚುಮದ್ದು. ನಮ್ಮ ಪಶ್ಚಿಮ ಘಟ್ಟದ ಗರುಡಫಲದ ಎಣ್ಣೆಯೂ ಇದೇ ಬಗೆಯದು. ಚುಚ್ಚಿದರೆ ವಿಪರೀತ ನೋವು, ಗುಣ ಅಲ್ಪ. 1932ರಲ್ಲಿ ಕೆರ್ ತೀರಿಕೊಂಡಾಗಲೂ ಬೇರೆ ದಾರಿಯಿರಲಿಲ್ಲ. ಸಲ್ಫೋನ್ ಔಷಧಗಳು ಬಂದದ್ದು 1940ರ ದಶಕದಲ್ಲಿ. ಅದೇ ದಶಕದಲ್ಲಿ ವೆಲ್ಲೂರಿಗೆ ಬಂದ ಪಾಲ್ ಬ್ರಾಂಡ್, ಕುಷ್ಠದಲ್ಲಿ ಬೆರಳು ತಾನಾಗಿ ಉದುರುವುದಿಲ್ಲವೆಂದು ತೋರಿಸಿಕೊಟ್ಟರು. ನೋವು ತಿಳಿಯದ ಕೈಯನ್ನು ಒಲೆ, ಸಲಿಕೆ, ಮೊಳೆಗಳು ದಿನವೂ ಒಂದಿಷ್ಟು ತಿನ್ನುತ್ತವೆ, ಅಷ್ಟೆ. ಮೂರು ಔಷಧಗಳ ಕೂಡುಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿತು. ಆರು ಅಥವಾ ಹನ್ನೆರಡು ತಿಂಗಳು ನುಂಗಿದರೆ ರೋಗಾಣು ಮುಗಿಯಿತು.

ಔಷಧ ಬಂದರೂ ಕಾನೂನು ಕದಲಲಿಲ್ಲ. 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆ ಹೆಣ್ಣಿಗೆ ನ್ಯಾಯಾಲಯದ ಬಾಗಿಲು ತೆರೆದ ದೊಡ್ಡ ಹೆಜ್ಜೆ. ಗಂಡನಿಗೆ ಕುಷ್ಠವಿದ್ದರೆ ಬಿಡುಗಡೆ ಕೇಳಬಹುದೆಂದು ಅದರಲ್ಲಿತ್ತು. ಗುಣವಾಗದ ರೋಗವೆಂದು ನಂಬಿದ್ದ ಆ ಕಾಲಕ್ಕೆ ಇದನ್ನು ಅನ್ಯಾಯವೆನ್ನಲು ನಮಗೆ ಮನಸ್ಸಾಗುವುದಿಲ್ಲ. (ಹೆಂಡತಿಗೆ ರೋಗ ಬಂದರೆ ಗಂಡನಿಗೆ ಕಾಯ್ದೆಯ ಕಾರಣವೇ ಬೇಕಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.) ಆದರೆ ಔಷಧ ಬಂದ ಮೇಲೆ ಬರೆದ 1954ರ ವಿಶೇಷ ವಿವಾಹ ಕಾಯ್ದೆಯಲ್ಲೂ 1955ರ ಹಿಂದೂ ವಿವಾಹ ಕಾಯ್ದೆಯಲ್ಲೂ ಅದೇ ಕಾರಣ ಸೇರಿತು. ಕ್ರೈಸ್ತರಿಗೆ ಅನ್ವಯಿಸುವ 1869ರ ಕಾಯ್ದೆಯಲ್ಲೂ ಇತ್ತು. ನಮ್ಮ ಸಮುದಾಯಗಳು ಒಮ್ಮತಕ್ಕೆ ಬಂದ ಅಪರೂಪದ ವಿಷಯ ಇದು!

ಇದರ ಬೆಲೆ ತೆತ್ತದ್ದು ನರ. ಮನೆ ಮುರಿದೀತೆಂದು ಹೆದರಿದವರು ಮಚ್ಚೆ ಮುಚ್ಚಿಕೊಂಡರು. ಹೆಣ್ಣುಮಕ್ಕಳಂತೂ ಸೆರಗಿನ, ಬುರ್ಖಾದ ಮರೆಯಲ್ಲಿ ವರ್ಷಗಟ್ಟಲೆ ಕಳೆದರು. ನರ ಸೋತು ಆರು ತಿಂಗಳೊಳಗೆ ಸ್ಟಿರಾಯ್ಡ್ ಕೊಟ್ಟರೆ ಸ್ಪರ್ಶ, ಬಲ ಮರಳುವ ಸಾಧ್ಯತೆಯಿದೆ. ತಡವಾದಷ್ಟೂ ಆ ಆಸೆ ಕ್ಷೀಣ. ಕಾನೂನು ಆಯೋಗ 2015ರಲ್ಲಿ ತನ್ನ 256ನೇ ವರದಿಯಲ್ಲಿ ಇಂಥ ತಾರತಮ್ಯ ಕಿತ್ತುಹಾಕಲು ಹೇಳಿತು. ರೋಗಿಗಳನ್ನು ಬೇರ್ಪಡಿಸಿಡುವ 1898ರ ಕಾಯ್ದೆ 2016ರಲ್ಲಿ ರದ್ದಾಯಿತು. ವಿಚ್ಛೇದನದ ಕಾರಣಗಳಿಂದ ಕುಷ್ಠ ಹೊರಬಿದ್ದದ್ದು 2019ರಲ್ಲಿ, ಎಲ್ಲ ಧರ್ಮದವರ ಕಾಯ್ದೆಗಳಿಂದ ಒಂದೇ ಸಲಕ್ಕೆ. ಅಷ್ಟರಲ್ಲಿ ಕೂಡುಚಿಕಿತ್ಸೆಗೆ ಮೂವತ್ತೆಂಟು ವರ್ಷ ತುಂಬಿತ್ತು.

2005ರ ಡಿಸೆಂಬರಿನಲ್ಲಿ ಭಾರತ ಕುಷ್ಠ ನಿರ್ಮೂಲನೆಯ ಗುರಿ ಮುಟ್ಟಿತೆಂದು ಘೋಷಣೆಯಾಗಿತ್ತು. ಹತ್ತು ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ ಎಂಬುದು ಅದರ ಅರ್ಥ, ರೋಗವೇ ಇಲ್ಲವೆಂದಲ್ಲ. ಮಾತ್ರೆ ಮುಗಿಸಿದವರ ಲೆಕ್ಕವೂ ಅದರಲ್ಲಿ ಬರುವುದಿಲ್ಲ. ಅವರಿಗೆ ರೋಗವಿಲ್ಲ, ಯಾರಿಗೂ ಅಂಟಿಸುವುದಿಲ್ಲ. ಸತ್ತ ನರ ಮಾತ್ರ ಜೊತೆಗಿರುತ್ತದೆ. ದಿನವೂ ಕೈಕಾಲು ನೀರಿನಲ್ಲಿ ನೆನೆಸಿ, ತೇವ ಆರುವ ಮುನ್ನ ಎಣ್ಣೆ ಸವರಬೇಕು; ಬೆವರು ಮಾಡುತ್ತಿದ್ದ ಕೆಲಸವನ್ನು ಈಗ ಆ ಎಣ್ಣೆ ಮಾಡುತ್ತದೆ. ಮಲಗುವ ಮುನ್ನ ಅಂಗಾಲಿಗೆ ಕನ್ನಡಿ ಹಿಡಿದು ಗಾಯವಾಗಿದೆಯೇ ನೋಡಬೇಕು. ಬಿಸಿ ಪಾತ್ರೆಗೆ ಬಟ್ಟೆ ಬೇಕೇ ಬೇಕು. ಸ್ಪರ್ಶವಿಲ್ಲದ ಪಾದಕ್ಕೆ ಮೆತ್ತನೆಯ ರಬ್ಬರಿನ ವಿಶೇಷ ಚಪ್ಪಲಿಯನ್ನು ಸರಕಾರವೇ ಉಚಿತವಾಗಿ ಕೊಡುತ್ತದೆ. ನೋಡಿದವರು ಗುರುತು ಹಿಡಿದಾರೆಂದು ಅದನ್ನು ಹಾಕಿಕೊಳ್ಳಲು ಹಿಂಜರಿಯುವವರಿದ್ದಾರೆ.