ಮೈಕ್ರೋವೇವ್ ಪವರ್ ಆಂಪ್ಲಿಫೈಯರ್ ಚಿಪ್: ಬಯಾಸ್ ನೀಡುವ ಹಾಗೂ ಸುರಕ್ಷಿತವಾಗಿ ಬಳಸುವ ಕ್ರಮ

ಹವ್ಯಾಸಿ ರೇಡಿಯೋ ಅಥವಾ ಪ್ರಾಯೋಗಿಕ ವೈರ್‌ಲೆಸ್ ಪರವಾನಗಿಗೆ ಅರ್ಜಿ ಸಲ್ಲಿಸುವವರಲ್ಲಿ ಕೆಲವರು ಪ್ರಸಾರ ಉಪಕರಣವನ್ನು ಸ್ವತಃ ಜೋಡಿಸುತ್ತಾರೆ. ಅಂತಹವರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಕ್ರಮದ ಅಗತ್ಯ

ಗ್ಯಾಲಿಯಂ ಆರ್ಸೆನೈಡ್ ಹಾಗೂ ಗ್ಯಾಲಿಯಂ ನೈಟ್ರೈಡ್‌ನಿಂದ ತಯಾರಾದ ಬಹುತೇಕ ಪವರ್ ಚಿಪ್‌ಗಳು ಗೇಟ್ ವೋಲ್ಟೇಜ್ ಶೂನ್ಯವಿರುವಾಗ ಪೂರ್ಣವಾಗಿ ತೆರೆದ ಸ್ಥಿತಿಯಲ್ಲಿರುತ್ತವೆ. ಗೇಟಿಗೆ ಋಣ ವೋಲ್ಟೇಜ್ ನೀಡಿದಾಗ ಮಾತ್ರ ಅವು ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಗೇಟ್ ವೋಲ್ಟೇಜ್ ಇಲ್ಲದೆ ಡ್ರೈನ್ ವೋಲ್ಟೇಜ್ ನೀಡಿದಲ್ಲಿ ಮಿತಿಮೀರಿದ ವಿದ್ಯುತ್ ಹರಿದು ಚಿಪ್ ಕ್ಷಣಮಾತ್ರದಲ್ಲಿ ಸುಟ್ಟುಹೋಗಬಹುದು. ಸುಟ್ಟ ಚಿಪ್ಪನ್ನು ದುರಸ್ತಿ ಮಾಡಲು ಬರುವುದಿಲ್ಲ.

ಚಾಲನೆಗೆ ಮುನ್ನ

1. ಸ್ಥಾಯೀ ವಿದ್ಯುತ್ತಿನಿಂದ ಹಾನಿಯಾಗದಂತೆ ಭೂಸಂಪರ್ಕವುಳ್ಳ ಮಣಿಕಟ್ಟಿನ ಪಟ್ಟಿಯನ್ನು ಧರಿಸತಕ್ಕದ್ದು.
2. ಚಿಪ್ಪಿನ ತಳವನ್ನು ಹೀಟ್ ಸಿಂಕ್‌ಗೆ ಬಿಗಿಯಾಗಿ ಕೂಡಿಸತಕ್ಕದ್ದು.
3. ಇನ್‌ಪುಟ್ ಹಾಗೂ ಔಟ್‌ಪುಟ್ ಎರಡಕ್ಕೂ 50 ಓಂ ಸಂಪರ್ಕ ಕಲ್ಪಿಸತಕ್ಕದ್ದು. ಔಟ್‌ಪುಟ್ ಖಾಲಿ ಇದ್ದಲ್ಲಿ ಪವರ್ ಹಿಂದಿರುಗಿ ಚಿಪ್ಪಿಗೆ ಹಾನಿಯಾಗಬಹುದು.
4. ಡ್ರೈನ್ ಪವರ್ ಸಪ್ಲೈಗೆ ಕರೆಂಟ್ ಮಿತಿಯನ್ನು ನಿಗದಿಪಡಿಸತಕ್ಕದ್ದು.

ಚಾಲನೆ ಮಾಡುವ ಕ್ರಮ

1. ಮೊದಲು ಗೇಟಿಗೆ, ಚಿಪ್ ಪೂರ್ಣವಾಗಿ ಮುಚ್ಚುವಷ್ಟು ಋಣ ವೋಲ್ಟೇಜ್ ನೀಡುವುದು.
2. ನಂತರ ಡ್ರೈನ್ ವೋಲ್ಟೇಜ್ ನೀಡುವುದು. ಈ ಹಂತದಲ್ಲಿ ಡ್ರೈನ್ ಕರೆಂಟ್ ಬಹುತೇಕ ಶೂನ್ಯವಿರಬೇಕು, ಇಲ್ಲದಿದ್ದಲ್ಲಿ ಮುಂದುವರಿಯಕೂಡದು.
3. ನಿಗದಿತ ಡ್ರೈನ್ ಕರೆಂಟ್ ಬರುವವರೆಗೆ ಗೇಟ್ ವೋಲ್ಟೇಜನ್ನು ನಿಧಾನವಾಗಿ ಶೂನ್ಯದ ಕಡೆಗೆ ತರುವುದು. ಕರೆಂಟ್ ಏಕಾಏಕಿ ಜಿಗಿದಲ್ಲಿ ಆಂದೋಲನದ ಶಂಕೆಯಿರುವುದರಿಂದ ಕೂಡಲೇ ನಿಲ್ಲಿಸುವುದು.
4. ಕೊನೆಯಲ್ಲಿ ಇನ್‌ಪುಟ್ ಸಿಗ್ನಲನ್ನು ಕಡಿಮೆ ಮಟ್ಟದಿಂದ ಹಂತಹಂತವಾಗಿ ಏರಿಸುವುದು.

ನಿಲ್ಲಿಸುವಾಗ ಇದೇ ಕ್ರಮವನ್ನು ಹಿಮ್ಮುಖವಾಗಿ ಅನುಸರಿಸತಕ್ಕದ್ದು: ಮೊದಲು ಸಿಗ್ನಲ್ ನಿಲ್ಲಿಸಿ, ಗೇಟನ್ನು ಮುಚ್ಚಿ, ಡ್ರೈನ್ ವೋಲ್ಟೇಜ್ ತೆಗೆದು, ಎಲ್ಲಕ್ಕಿಂತ ಕೊನೆಗೆ ಗೇಟ್ ವೋಲ್ಟೇಜ್ ತೆಗೆಯುವುದು. ಬಳಕೆಯ ನಡುವೆ ಗೇಟ್ ವೋಲ್ಟೇಜ್ ಕಡಿತಗೊಂಡಲ್ಲಿ ಡ್ರೈನ್ ವೋಲ್ಟೇಜ್ ತಾನಾಗಿ ನಿಲ್ಲುವಂತೆ ರಕ್ಷಣಾ ಸರ್ಕ್ಯೂಟ್ ಅಳವಡಿಸುವುದು ಸೂಕ್ತ.

ಉಷ್ಣದ ಲೆಕ್ಕ

ಉದಾಹರಣೆಗೆ, 28 ವೋಲ್ಟ್‌ನಲ್ಲಿ 1 ಆಂಪಿಯರ್ ಬಳಸುವ ಚಿಪ್ 28 ವ್ಯಾಟ್ ಪಡೆಯುತ್ತದೆ. ಅದರಿಂದ 8 ವ್ಯಾಟ್ ಸಿಗ್ನಲ್ ಹೊರಬಂದಲ್ಲಿ ಉಳಿದ ಸುಮಾರು 20 ವ್ಯಾಟ್ ಶಾಖವಾಗುತ್ತದೆ. ಪ್ರತಿ ವ್ಯಾಟಿಗೆ 4 ಡಿಗ್ರಿಯಂತೆ ಚಿಪ್ಪಿನ ಒಳಭಾಗವು ತಳಕ್ಕಿಂತ 80 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ತಳವು 85 ಡಿಗ್ರಿ ಸೆಲ್ಸಿಯಸ್ ಇದ್ದಲ್ಲಿ ಒಳಭಾಗವು 165 ಡಿಗ್ರಿ ತಲುಪುತ್ತದೆ. ಕೈಗೆ ತಾಗುವ ಬಿಸಿಯಿಂದ ಒಳಗಿನ ಬಿಸಿಯನ್ನು ಅಂದಾಜಿಸಕೂಡದು.

ವಿಶೇಷ ಸೂಚನೆ

1. ಧನ ಗೇಟ್ ವೋಲ್ಟೇಜ್ ಬೇಡುವ ಅಥವಾ ಒಂದೇ ಪವರ್ ಸಪ್ಲೈ ಸಾಕಾಗುವ ಚಿಪ್‌ಗಳೂ ಇವೆ. ಆದ್ದರಿಂದ ಆಯಾ ಚಿಪ್ಪಿನ ಡೇಟಾಶೀಟಿನಲ್ಲಿರುವ ಕ್ರಮ ಹಾಗೂ ಮಿತಿಗಳೇ ಅಂತಿಮ.
2. ಅಳತೆಯ ಉಪಕರಣಕ್ಕೆ ಔಟ್‌ಪುಟ್ ಜೋಡಿಸುವ ಮುನ್ನ ನಡುವೆ ಸೂಕ್ತ ಸಾಮರ್ಥ್ಯದ ಅಟೆನ್ಯುಯೇಟರ್ ಇರಿಸತಕ್ಕದ್ದು.
3. ಚಾಲನೆಯಲ್ಲಿರುವಾಗ ತೆರೆದ ವೇವ್‌ಗೈಡ್ ಅಥವಾ ಆಂಟೆನಾದ ಎದುರು ನಿಲ್ಲಕೂಡದು, ಕಣ್ಣಿಗೆ ಹಾನಿಯಾಗಬಹುದು.
4. ಪರೀಕ್ಷೆಯನ್ನು ಡಮ್ಮಿ ಲೋಡ್‌ನಲ್ಲಿಯೇ ನಡೆಸುವುದು. ಆಂಟೆನಾ ಜೋಡಿಸಿ ಪ್ರಸಾರ ಮಾಡುವವರು ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಯೋಜನೆ ಮತ್ತು ಸಮನ್ವಯ ವಿಭಾಗದ ಪರವಾನಗಿಯನ್ನು ಮುಂಚಿತವಾಗಿ ಪಡೆದು, ಅದರಲ್ಲಿ ನಮೂದಿಸಿದ ಆವರ್ತನ ಹಾಗೂ ಪವರ್ ಮಿತಿಯೊಳಗೆ ಬಳಸತಕ್ಕದ್ದು.