ಜೀರ್ಣೋದ್ಧಾರ ಮತ್ತು ಮೂಲಕಟ್ಟಡದ ಮಾತೃಪ್ರತಿ

ಹೊಸ ಜಿನಾಲಯವನ್ನು ಕಟ್ಟಿಸುವುದಕ್ಕಿಂತ ಜೀರ್ಣವಾದುದನ್ನು ಉದ್ಧರಿಸುವುದು ಕಡಿಮೆಯ ಪುಣ್ಯವಲ್ಲವೆಂದು ಪೂರ್ವಿಕರು ಬಗೆದಿದ್ದರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಗಂಗವಾಡಿ ತೊಂಬತ್ತಾರುಸಾಸಿರದ ಜೀರ್ಣ ಬಸದಿಗಳನ್ನು ಉದ್ಧರಿಸಿದನೆಂದು ಶ್ರವಣಬೆಳಗೊಳದ ಶಾಸನಗಳು ಕೊಂಡಾಡುತ್ತವೆ. ಅಲ್ಲಿಯೇ ಭಂಡಾರಿ ಬಸದಿಯನ್ನು ಕಟ್ಟಿಸಿದ ಹುಳ್ಳನು ಬಂಕಾಪುರದ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದ ಸಂಗತಿಯೂ ಶಾಸನದಿಂದ ವಿದಿತವಾಗುತ್ತದೆ. ಆದರೆ ಇಂತಹ ಶಾಸನಗಳು ದಾನಿಯ ವಂಶವನ್ನೂ ದತ್ತಿಭೂಮಿಯ ಎಲ್ಲೆಯನ್ನೂ ಕಲ್ಲು, ಮರ, ಕೆರೆಗಳ ಗುರುತಿನೊಡನೆ ವಿವರಿಸುತ್ತವೆಯೇ ಹೊರತು, ಕೆಲಸಕ್ಕೆ ಕೈಹಾಕುವ ಮುನ್ನ ಕಟ್ಟಡ ಹೇಗಿತ್ತೆಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಹೊಲದ ಎಲ್ಲೆಗೆ ದೊರೆತ ಈ ಎಚ್ಚರ ಗೋಡೆಯ ಎಲ್ಲೆಗೂ ದೊರೆತಿದ್ದರೆ ಇಂದಿನ ಅಭ್ಯಾಸಿಗಳಿಗೆ ಎಷ್ಟೋ ಊಹೆ ತಪ್ಪುತ್ತಿತ್ತು.

ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯನ್ನು ನಡುವಾಗಿರಿಸಿಕೊಂಡು ಜಿಲ್ಲೆಯನ್ನು ಅವಲೋಕಿಸಿದರೆ ಈ ವಿಷಯಕ್ಕೆ ಬೇಕಾದ ನಿದರ್ಶನಗಳು ಸುತ್ತಲೂ ದೊರೆಯುತ್ತವೆ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನಲ್ಲಿ ಬಾಹುಬಲಿಯ ಮೂರ್ತಿ ನಿಂತಿದೆ. ಅಲ್ಲಿಯ ಕನಕಗಿರಿಯ ಬಸದಿಗಳಾದರೋ ಉತ್ಖನನದಿಂದ ಕಂಡುಬಂದ ಅವಶೇಷಗಳಾಗಿ ಮಾತ್ರ ಉಳಿದಿವೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಇಡೀ ಬಸದಿಸಮುಚ್ಚಯವೇ ಉಳಿದು ಬಂದಿದೆ.

ಊರಿಗೆ ಹೆಸರು ಕೊಟ್ಟ ಮಾನಸ್ತಂಭದ ಬಳಿಯ ಪಂಚಕೂಟ ಬಸದಿಯು ಗಂಗರ ಕಾಲದ ದ್ರಾವಿಡ ಶೈಲಿಯ ಶ್ರೇಷ್ಠ ಕೃತಿ. ಆದಿನಾಥನ ಗರ್ಭಗೃಹವುಳ್ಳ ತ್ರಿಕೂಟವು ಮೊದಲಿನದು, ಮುಂದಿನ ಎರಡು ಗುಡಿಗಳು ತರುವಾಯ ಸೇರಿದವು ಎಂಬುದು ವಿದ್ವಾಂಸರ ಅಭಿಪ್ರಾಯ. ಶಿಖರಗಳೆಲ್ಲ ಒಂದೇ ಆಕಾರದವಲ್ಲ. ಚೌಕ, ಎಂಟು ಮೂಲೆ, ದುಂಡು ಎಂಬ ಭೇದಗಳು ಅಲ್ಲಿವೆ. ನವರಂಗದ ಒಳಚಾವಣಿಯಲ್ಲಿ ದಿಕ್ಪಾಲಕರು ತಮ್ಮ ತಮ್ಮ ದಿಕ್ಕುಗಳಲ್ಲಿದ್ದಾರೆ. ಪಕ್ಕದ ಶಾಂತಿನಾಥ ಬಸದಿ ಹೊಯ್ಸಳರ ಕಾಲದ್ದು. ಈಗ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಇಂತಹ ಸಮುಚ್ಚಯವೊಂದು ಅರಿಯದವರ ಕೈಗೆ ಸಿಕ್ಕಿತೆನ್ನೋಣ. ಮೂರು ಬಗೆಯ ಶಿಖರಗಳನ್ನು ಅಂದಕ್ಕಾಗಿ ಒಂದೇ ಬಗೆಯದಾಗಿಸಬಹುದು. ಎರಡು ಕಾಲದ ಗೋಡೆಗಳು ಕೂಡುವ ಸಂದನ್ನು ಬಿರುಕೆಂದು ತಿಳಿದು ಗಾರೆ ಮೆತ್ತಬಹುದು. ದಿಕ್ಪಾಲಕರ ಫಲಕಗಳನ್ನು ಇಳಿಸಿದ ಬಳಿಕ ಇಂದ್ರನಿದ್ದೆಡೆ ವರುಣನನ್ನು ಏರಿಸಬಹುದು. ಇವೆಲ್ಲ ಭಕ್ತಿಯ ಕೊರತೆಯಿಂದ ಆಗುವ ಪ್ರಮಾದಗಳಲ್ಲ, ಮೊದಲಿನ ರೂಪದ ದಾಖಲೆ ಇಲ್ಲದುದರಿಂದ ಆಗತಕ್ಕವು.

ಆದುದರಿಂದ ಜೀರ್ಣೋದ್ಧಾರ ಸಮಿತಿಯ ಮೊದಲ ಕೆಲಸ ಹೊಸ ನಕ್ಷೆಯನ್ನು ಬರೆಸುವುದಲ್ಲ, ಇರುವುದನ್ನು ಇರುವಂತೆ ಬರೆಸುವುದು. ಹಿಂದೆ ಯಾರಾದರೂ ಅಳೆದಿದ್ದಾರೆಯೇ ಎಂಬುದನ್ನು ಪ್ರಥಮತಃ ಶೋಧಿಸಬೇಕು. 1906ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಹೊಣೆ ಹೊತ್ತ ಆರ್. ನರಸಿಂಹಾಚಾರ್ಯರೂ ಅವರ ತರುವಾಯ ಡಾ. ಎಂ. ಎಚ್. ಕೃಷ್ಣರೂ ಹೊರತಂದ ವಾರ್ಷಿಕ ವರದಿಗಳಲ್ಲಿ ಅನೇಕ ಗುಡಿ ಬಸದಿಗಳ ವರ್ಣನೆ, ತಲವಿನ್ಯಾಸ, ಛಾಯಾಚಿತ್ರಗಳಿವೆ. ಹಳೆಯ ನಕ್ಷೆಗೂ ಈಗಿನ ಅಳತೆಗೂ ವ್ಯತ್ಯಾಸ ಬಂದರೆ ಗಾಬರಿಪಡಬೇಕಾದುದಿಲ್ಲ. ನಡುವೆ ಗೋಡೆ ಎಷ್ಟು ಜರುಗಿದೆಯೆಂಬುದಕ್ಕೆ ಆ ವ್ಯತ್ಯಾಸವೇ ಸುಳಿವಾಗಬಲ್ಲದು.

ಅಳತೆಯನ್ನು ಜಿನಬಿಂಬವನ್ನು ಬಾಲಾಲಯಕ್ಕೆ ಬಿಜಯಂಗೈಸುವ ಮೊದಲೇ ಮುಗಿಸತಕ್ಕದ್ದು. ಪೀಠದ ಎತ್ತರ, ಬಿಂಬದ ದೃಷ್ಟಿರೇಖೆ, ಬಾಗಿಲವಾಡದ ಎತ್ತರ ಇವು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ನೆಲಕ್ಕೆ ನುಣುಪಾದ ಹಾಸುಗಲ್ಲು ಹಾಕಿ ನಾಲ್ಕು ಅಂಗುಲ ಏರಿಸಿದರೆ ಬಾಗಿಲು ಅಷ್ಟೇ ಗಿಡ್ಡಾಗುತ್ತದೆ. ಹೊಂದಿಕೆ ತಪ್ಪಿದುದು ಪ್ರತಿಷ್ಠೆಯ ಮುನ್ನಾದಿನ ಬೆಳಕಿಗೆ ಬಂದರೆ ಯಾರೇನು ಮಾಡಿಯಾರು? ಹಳೆಯ ಕೋಣೆಗಳು ನೋಡಲು ಚೌಕವಾಗಿದ್ದರೂ ಕರ್ಣಗಳನ್ನು ಅಳೆದಾಗ ಓರೆ ಹೊರಬೀಳುತ್ತದೆ. ಅದನ್ನು ನಕ್ಷೆಯಲ್ಲಿ ನೇರ ಮಾಡಿ ಬರೆಯಲಾಗದು.

ಹೀಗೆ ಸಿದ್ಧವಾದ ದಾಖಲೆಯನ್ನು ಕಾಪಾಡುವ ಬಗೆಯನ್ನು ಜೈನ ಸಮಾಜಕ್ಕೆ ಹೊರಗಿನವರು ಕಲಿಸಬೇಕಾಗಿಲ್ಲ. ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ಉಳಿದು ಬಂದ ಧವಲಾ ತಾಳೆಗರಿಗಳಿಂದ ಪ್ರತಿಗಳು ಸಿದ್ಧವಾದವು, 1939ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ತಿದ್ದುಪಡಿ, ಪಾಠವಿಚಾರ, ಅನುವಾದಗಳೆಲ್ಲ ಪ್ರತಿಯ ಮೇಲೆ ನಡೆದವೇ ವಿನಾ ಗರಿಯ ಮೇಲೆ ಯಾರೂ ಲೇಖನಿ ಆಡಿಸಲಿಲ್ಲ. ಕಟ್ಟಡಕ್ಕೂ ಇದೇ ನ್ಯಾಯ. ಇರುವ ರೂಪದ ನಕ್ಷೆಯೇ ಮಾತೃಪ್ರತಿ. ದಿನಾಂಕ ಹಾಕಿ ಬೇರೆಯಾಗಿ ಇರಿಸಿದ ಬಳಿಕ ಅದನ್ನು ತಿದ್ದಲಾಗದು. ಉಳಿಸುವುದು, ತೆಗೆಯುವುದು, ಹೊಸದಾಗಿ ಸೇರಿಸುವುದು ಎಂಬ ಮೂರನ್ನೂ ಅದರ ಮೇಲೆ ಹಾಸಿದ ಪಾರದರ್ಶಕ ಹಾಳೆಯಲ್ಲಿ ಬೇರೆ ಬೇರೆ ಬಣ್ಣದಲ್ಲಿ ತೋರಿಸಬೇಕು. ದಾನಿಗಳ ಅಪೇಕ್ಷೆಯಂತೆ ಯೋಜನೆ ಹತ್ತು ಸಲ ಬದಲಾದರೂ ಮಾತೃಪ್ರತಿ ಮಾತ್ರ ಬದಲಾಗದು. ಇಂದು ಹಾಳೆಯ ಸ್ಥಾನದಲ್ಲಿ ಗಣಕಯಂತ್ರ ಬಂದಿದೆ, ಲೇಸರ್ ಕಿರಣದಿಂದ ಕಟ್ಟಡದ ಮೂರು ಆಯಾಮದ ಮಾದರಿಯನ್ನೇ ಪಡೆಯಬಹುದಾಗಿದೆ. ಆದರೂ ಆ ಕಿರಣ ಕಾಣುವುದು ಗೋಡೆಯ ಮೈಯನ್ನಷ್ಟೆ. ಒಳಗಿನದು ಕಲ್ಲೋ ಮಣ್ಣೋ ಅರಿಯದು. ಅಳೆದುದು ಯಾವುದು, ಊಹಿಸಿದುದು ಯಾವುದು ಎಂಬ ಗುರುತು ಮಾದರಿಯಲ್ಲಿಯೂ ಇರಲೇಬೇಕು. ಇಲ್ಲವಾದರೆ ಗೋಡೆ ಬಿಚ್ಚುವ ಶಿಲ್ಪಿ ಊಹೆಯನ್ನೇ ನಿಜವೆಂದು ನಂಬುತ್ತಾನೆ.

ಕಲ್ಲನ್ನು ಬಿಚ್ಚಿಯೇ ಕಟ್ಟಬೇಕಾದಲ್ಲಿ ನಕ್ಷೆಯಷ್ಟೇ ಸಾಲದು. ಪ್ರತಿಯೊಂದು ಕಲ್ಲಿಗೂ ದಿಕ್ಕು, ವರಸೆ, ಸ್ಥಾನ ತಿಳಿಸುವ ಸಂಖ್ಯೆ ಬೇಕು. ಸಂಖ್ಯೆ ಮಳೆಗೆ ಅಳಿಯಬಾರದು. ಕೆತ್ತನೆಯ ಮೇಲೆಯೂ ಬೀಳಬಾರದು. ಇದಕ್ಕೆ ಮಂಡ್ಯ ಜಿಲ್ಲೆಯಲ್ಲಿಯೇ ಒಂದು ನಿದರ್ಶನವಿದೆ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟೆಯಿಂದ ಹಳೆಯ ಕನ್ನಂಬಾಡಿ ಮುಳುಗಿ, ಅಲ್ಲಿಯ ಹೊಯ್ಸಳರ ವೇಣುಗೋಪಾಲಸ್ವಾಮಿ ದೇವಾಲಯವೂ ನೀರಿನ ಪಾಲಾಗಿತ್ತು. ಬರಗಾಲದಲ್ಲಿ ಹಿನ್ನೀರು ಇಳಿದಾಗಲೇ ಅದು ಕಾಣಿಸುತ್ತಿದ್ದುದು. ಮುಂದೆ ಖೋಡೆ ಪ್ರತಿಷ್ಠಾನದವರು ಆ ಗುಡಿಯ ಛಾಯಾಚಿತ್ರಗಳನ್ನು ತೆಗೆಸಿ, ಕಲ್ಲುಗಳಿಗೆ ಗುರುತು ಹಾಕಿಸಿ, ಬಿಚ್ಚಿ, ಹಿನ್ನೀರಿನ ದಡದ ಎತ್ತರದ ನೆಲಕ್ಕೆ ಸಾಗಿಸಿದರು. ಗುರುತಿನಂತೆ ಮತ್ತೆ ಜೋಡಿಸಿದ ದೇವಾಲಯ 2011ರ ಹೊತ್ತಿಗೆ ಹೊಸ ಕನ್ನಂಬಾಡಿಯಲ್ಲಿ ತಲೆಯೆತ್ತಿ ನಿಂತಿತು.